ಕಾಡು ಟರ್ಕಿ ಬೇಟೆ: ಅಂಜಬೇಕಾದದ್ದು ಅದರ ಮೂಗಿಗಲ್ಲ, ಕಣ್ಣಿಗೆ

ಅಮೆರಿಕದಲ್ಲಿ ಜಿಂಕೆ ಬೇಟೆಯಿಂದ ಶುರುಮಾಡಿದವರು ವಸಂತದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೊರಟಾಗ ಹಳೆಯ ರೂಢಿಯನ್ನೂ ಜೊತೆಗೇ ಹೊತ್ತು ತರುತ್ತಾರೆ. ಪರಿಮಳವಿಲ್ಲದ ಸೋಪಿನಲ್ಲಿ ಸ್ನಾನ, ಇದ್ದಿಲಿನ ಪದರವಿರುವ ಜಾಕೆಟ್, ಬೂಟಿಗೆ ವಾಸನೆ ಅಡಗಿಸುವ ಸ್ಪ್ರೇ, ಕೂರುವ ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ಪರೀಕ್ಷೆ. ಬಿಳಿಬಾಲದ ಜಿಂಕೆಗೆ ಇದೆಲ್ಲ ಬೇಕೇ ಬೇಕು. ಗಾಳಿ ಬೇಟೆಗಾರನ ಕಡೆಯಿಂದ ಬೀಸಿದರೆ ಸಾಕು, ಅದು ಮನುಷ್ಯನನ್ನು ಕಾಣುವ ಮೊದಲೇ ಮೂಗರಳಿಸಿ ಕಾಲಿಗೆ ಬುದ್ಧಿ ಹೇಳುತ್ತದೆ. ಟರ್ಕಿಯ ವಿಷಯದಲ್ಲಿ ಮಾತ್ರ ಈ ಶ್ರಮವೆಲ್ಲ ವ್ಯರ್ಥ. ಅದು ಮನುಷ್ಯನನ್ನು ಮೂಸಿ ಪತ್ತೆಹಚ್ಚುವುದಿಲ್ಲ. ಅದರ ಬದುಕೆಲ್ಲ ಕಣ್ಣು ಮತ್ತು ಕಿವಿಯ ಮೇಲೆ ನಿಂತಿದೆ. ಹಾಗಾಗಿ ವಾಸನೆಗೆ ಸುರಿಯುವ ಹಣ, ಸಮಯ, ಗಮನ ಮೂರನ್ನೂ ಅಲ್ಲಾಡದೆ ಕೂರುವ ಅಭ್ಯಾಸಕ್ಕೆ ತಿರುಗಿಸುವುದೇ ಜಾಣತನ.

ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಕಾಡು ಟರ್ಕಿಯ ಬಗ್ಗೆ. ಪೂರ್ವದ ದಟ್ಟ ಕಾಡುಗಳ ಈಸ್ಟರ್ನ್, ಫ್ಲಾರಿಡಾದ ಒಸಿಯೋಲಾ, ಟೆಕ್ಸಾಸ್ ಸುತ್ತಲ ಕುರುಚಲು ಬಯಲಿನ ರಿಯೋ ಗ್ರಾಂಡೆ, ಪಶ್ಚಿಮದ ಬೆಟ್ಟಗಳ ಮೆರಿಯಮ್ಸ್, ಮೆಕ್ಸಿಕೊ ಗಡಿಯ ಗೂಲ್ಡ್ಸ್, ಈ ಐದೂ ಒಂದೇ ಜಾತಿಯ ಉಪಜಾತಿಗಳು. ನಮ್ಮ ನವಿಲು ಮತ್ತು ಕಾಡುಕೋಳಿ ಸೇರಿದ ಫೇಸಿಯಾನಿಡೇ ಕುಟುಂಬಕ್ಕೇ ಇವೂ ಸೇರುತ್ತವೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಇಂಥ ಬೇಟೆಯ ಪ್ರಶ್ನೆಯೇ ಇಲ್ಲ. ಆದರೆ ನವಿಲಿನ ಫೋಟೊಗಾಗಿ ಪೊದೆಯ ಮರೆಯಲ್ಲಿ ಕೂತವರಿಗೆ ಮುಂದಿನ ಮಾತುಗಳು ಬಹುಪಾಲು ಪರಿಚಿತವೆನಿಸುತ್ತವೆ.

ಮೂಗಿನ ಲೆಕ್ಕ

ಟರ್ಕಿಯ ಮಿದುಳಿನಲ್ಲಿ ವಾಸನೆಯನ್ನು ಸಂಸ್ಕರಿಸುವ ಭಾಗ ತೀರಾ ಚಿಕ್ಕದು. ಹಕ್ಕಿಗಳಿಗೆಲ್ಲ ವಾಸನೆ ಗೊತ್ತಾಗುವುದಿಲ್ಲ ಎಂದು ಇದರ ಅರ್ಥವಲ್ಲ. ನ್ಯೂಜಿಲೆಂಡಿನ ಕಿವಿ ಹಕ್ಕಿ ಮೂಸಿಯೇ ಹುಳು ಹುಡುಕುತ್ತದೆ. ಟರ್ಕಿ ವಲ್ಚರ್ ಎಂಬ ರಣಹದ್ದು ಕಾಡಿನ ಮೇಲೆ ಹಾರುತ್ತಲೇ ಕೊಳೆತ ಮಾಂಸದ ವಾಸನೆ ಹಿಡಿಯುತ್ತದೆ. ಆ ರಣಹದ್ದಿಗೂ ಟರ್ಕಿಗೂ ಹತ್ತಿರದ ನೆಂಟಸ್ತನವೇನೂ ಇಲ್ಲ. ಟರ್ಕಿಗೆ ವಾಸನೆಯ ಅರಿವು ಪೂರ್ತಿ ಸೊನ್ನೆ ಎನ್ನುವುದೂ ತಪ್ಪು. ಅಪಾಯವನ್ನು ಗುರುತಿಸಲು ಅದು ಮೂಗನ್ನು ನೆಚ್ಚಿಕೊಂಡಿಲ್ಲ, ಬೇಟೆಗಾರನಿಗೆ ತಿಳಿದಿರಬೇಕಾದದ್ದು ಅಷ್ಟೇ. ನೇರವಾಗಿ ತನ್ನ ಮುಖಕ್ಕೆ ಬೀಸುವ ಗಾಳಿಯಲ್ಲೇ ಟರ್ಕಿ ಬೇಟೆಗಾರನ ಹತ್ತಾರು ಹೆಜ್ಜೆ ಹತ್ತಿರಕ್ಕೆ ಬಂದು ನಿಲ್ಲುವುದು ಈ ಬೇಟೆಯಲ್ಲಿ ತೀರಾ ಸಾಮಾನ್ಯ.

ಹಾಗಿದ್ದರೂ ಒಂದು ಸಂದರ್ಭದಲ್ಲಿ ವಾಸನೆ ಸುತ್ತುಬಳಸಿ ಕೆಲಸ ಕೆಡಿಸಬಹುದು. ಟರ್ಕಿ ಇರುವ ಕಾಡಿನಲ್ಲಿ ಜಿಂಕೆಯೂ ಇರುತ್ತದೆ. ನಿಮ್ಮ ವಾಸನೆ ಹಿಡಿದ ಜಿಂಕೆ ಜೋರಾಗಿ ಸೀನಿದಂತೆ ಸದ್ದು ಮಾಡಿ, ಬಿಳಿ ಬಾಲ ಎತ್ತಿ ಓಡಿದರೆ ಹತ್ತಿರದ ಟರ್ಕಿಗಳು ಕತ್ತೆತ್ತಿ ನಿಲ್ಲುತ್ತವೆ. ಎರಡು ಕಡೆ ಕೂರಲು ಅಷ್ಟೇ ಒಳ್ಳೆಯ ಜಾಗವಿದ್ದು, ಒಂದರ ಗಾಳಿ ಜಿಂಕೆ ದಾರಿಯತ್ತ ಹೋಗುತ್ತಿದ್ದರೆ ಇನ್ನೊಂದನ್ನು ಆರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಟರ್ಕಿ ಮೂಗನ್ನು ನೆಚ್ಚುವುದಿಲ್ಲ ಎನ್ನುವುದರಿಂದ ಸಿಗುವ ದೊಡ್ಡ ಲಾಭವನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಏಪ್ರಿಲ್, ಮೇ ತಿಂಗಳ ಅಮೆರಿಕದ ಕಾಡಿನಲ್ಲಿ ಸೊಳ್ಳೆ ಮತ್ತು ರಕ್ತ ಹೀರುವ ಉಣ್ಣಿ ಎರಡರ ಕಾಟವೂ ಇರುತ್ತದೆ. ಕೆನ್ನೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯಲು ಎತ್ತಿದ ಕೈ, ಬೆಳಗಿನ ಜಾವದಿಂದ ಕಾದ ಕಾಯುವಿಕೆಯನ್ನೆಲ್ಲ ಒಂದೇ ಕ್ಷಣದಲ್ಲಿ ನೀರುಪಾಲು ಮಾಡುತ್ತದೆ. ವಾಸನೆಯ ಭಯವಿಲ್ಲದ್ದರಿಂದ ಸೊಳ್ಳೆ ಔಷಧವನ್ನು ಧಾರಾಳವಾಗಿ ಬಳಸಬಹುದು. ಹಿಂದಿನ ದಿನವೇ ಬಟ್ಟೆ, ಸಾಕ್ಸ್, ಬೂಟಿಗೆ ಶೇ 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಬೇಕು. ಇದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಹಸಿಯಾಗಿರುವಾಗ ಬೆಕ್ಕಿಗೆ ವಿಷ, ಆದ್ದರಿಂದ ಮನೆಯ ಹೊರಗೆ ಒಣಹಾಕಬೇಕು. ಚರ್ಮಕ್ಕೆ ಡೀಟ್ ಅಥವಾ ಪಿಕಾರಿಡಿನ್ ಹಚ್ಚಬಹುದು. ಡೀಟ್ ಪ್ಲಾಸ್ಟಿಕ್ಕನ್ನೂ ಕೆಲವು ಲೇಪನಗಳನ್ನೂ ಕರಗಿಸುವುದರಿಂದ ಅದು ಅಂಟಿದ ಕೈಯಲ್ಲಿ ಕೋವಿ, ಕನ್ನಡಕ, ಬೈನಾಕ್ಯುಲರ್ ಮುಟ್ಟಬಾರದು. ಪಿಕಾರಿಡಿನ್‌ನಿಂದ ಆ ತೊಂದರೆ ಇಲ್ಲ. ಲೈಮ್ ರೋಗ ಹರಡುವ ಉಣ್ಣಿಗಳಿರುವ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಂತೂ ಇದು ಬೇಟೆಗಿಂತ ಮೊದಲು ಆರೋಗ್ಯದ ಪ್ರಶ್ನೆ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮಂಡಿಯ ಹಿಂಭಾಗ, ಕಂಕುಳು, ಸೊಂಟದ ಪಟ್ಟಿಯ ಜಾಗವನ್ನು ತಪ್ಪದೆ ನೋಡಿಕೊಳ್ಳಬೇಕು.

ಅದಕ್ಕೆ ಏನೇನು ಕಾಣುತ್ತದೆ

ಟರ್ಕಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಕತ್ತು ಅಲ್ಲಾಡಿಸದೆಯೇ ಸುಮಾರು 300 ಡಿಗ್ರಿಯಷ್ಟು ಸುತ್ತಳತೆ ಅದಕ್ಕೆ ಕಾಣುತ್ತದೆ. ಕತ್ತು ಒಂದಿಷ್ಟು ತಿರುಗಿಸಿದರೆ ಸುತ್ತಲಿನ ಯಾವುದೂ ಅದರ ಕಣ್ಣಿಗೆ ಬೀಳದೆ ಉಳಿಯುವುದಿಲ್ಲ. ಮನುಷ್ಯನಿಗೆ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯಾದರೆ ಅದಕ್ಕೆ ನಾಲ್ಕು ಬಗೆ. ನೇರಳೆಯಂಚಿನ ಕೋಶಗಳು ಅತಿನೇರಳೆ ಬೆಳಕನ್ನೂ ಒಂದಿಷ್ಟು ಹಿಡಿಯುತ್ತವೆ. ಜಿಂಕೆಗೆ ಕಿತ್ತಳೆ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ, ಟರ್ಕಿಗೆ ಚೆನ್ನಾಗಿ ಗೊತ್ತಾಗುತ್ತದೆ. ಜಿಂಕೆ ಬೇಟೆಯ ಕಿತ್ತಳೆ ಅಂಗಿಯಲ್ಲಿ ಟರ್ಕಿಗೆ ಕೂರುವುದು ಇದೇ ಕಾರಣಕ್ಕೆ ಕಷ್ಟ.

ಈ ಕಣ್ಣಿನ ನಿಜವಾದ ಬಲ ಚಲನೆಯನ್ನು ಹಿಡಿಯುವುದರಲ್ಲಿದೆ. ನರಿ, ಕಾಯೋಟಿ, ಬಾಬ್‌ಕ್ಯಾಟ್, ದೊಡ್ಡ ಗೂಬೆ ಎಲ್ಲವೂ ಹೊಂಚುಹಾಕಿ ಹಿಡಿಯುವ ಹಕ್ಕಿ ಇದು. ಎಲೆಗಳ ನಡುವೆ ಒಂದು ಬೆರಳು ಅಲುಗಿದರೂ ಅದಕ್ಕೆ ಪ್ರಾಣಾಪಾಯದ ಸುಳಿವು. ಅಲ್ಲಾಡದ ಆಕಾರವನ್ನು ಮಾತ್ರ ಅದು ಅಷ್ಟು ಬೇಗ ಮನುಷ್ಯ ಎಂದು ಗುರುತಿಸುವುದಿಲ್ಲ. ಹಾಗಾಗಿಯೇ ಮರಕ್ಕೆ ಬೆನ್ನಾನಿಸಿ ಕಲ್ಲಿನಂತೆ ಕೂತವನು ಸಾಧಾರಣ ಬಟ್ಟೆಯಲ್ಲೂ ಗೆಲ್ಲುತ್ತಾನೆ, ಕಾಡಿನ ಬಣ್ಣದಲ್ಲಿ ಬೆರೆಯುವ ದುಬಾರಿ ಕ್ಯಾಮೊ ಬಟ್ಟೆ ತೊಟ್ಟು ಚಡಪಡಿಸುವವನು ಸೋಲುತ್ತಾನೆ. ಕ್ಯಾಮೊ ಬಟ್ಟೆಯ ಕೆಲಸ, ತಪ್ಪಿಸಲಾಗದ ಸಣ್ಣ ಚಲನೆಗಳಿಗೆ ಒಂದಿಷ್ಟು ರಿಯಾಯಿತಿ ಕೊಡಿಸುವುದು. ನಿಶ್ಚಲತೆಯ ಜಾಗವನ್ನು ಅದು ತುಂಬಲಾರದು.

ಅದರ ಒಂದು ದೌರ್ಬಲ್ಯ ಕತ್ತಲೆ. ಹಗಲಿನ ಕಣ್ಣಿನ ಈ ಹಕ್ಕಿಗೆ ಇರುಳಲ್ಲಿ ಸರಿಯಾಗಿ ಕಾಣುವುದಿಲ್ಲ. ರಾತ್ರಿ ಎತ್ತರದ ಮರದ ಕೊಂಬೆಯಲ್ಲಿ ಕೂತು, ಬೆಳಕು ಹರಿಯುವ ಹೊತ್ತಿಗೆ ಕೆಳಗಿಳಿಯುತ್ತದೆ. ಆದ್ದರಿಂದ ಬೆಳಕು ಮೂಡುವುದಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಮುಂಚೆಯೇ ಜಾಗ ಸೇರಿಕೊಂಡಿರಬೇಕು. ಮರಗಳು ಇನ್ನೂ ಚಿಗುರದ ಆರಂಭದ ದಿನಗಳಲ್ಲಿ ಮೇಲೆ ಕೂತ ಹಕ್ಕಿಗೆ ಕೆಳಗಿನದೆಲ್ಲ ಕಾಣುತ್ತದೆ, ಆಗ 150 ಗಜಕ್ಕಿಂತ ಹತ್ತಿರ ಹೋಗದಿರುವುದೇ ಕ್ಷೇಮ. ಎಲೆ ತುಂಬಿದ ಮೇಲೆ 100 ಗಜದವರೆಗೂ ಹೋಗಬಹುದು. ತಲೆದೀಪವನ್ನು ಆ ಕೊನೆಯ ದೂರದಲ್ಲಿ ಆರಿಸಿಬಿಡಬೇಕು. ಮಬ್ಬುಗತ್ತಲೆ ಕರಗಿದ ಮೇಲೆ ಅತ್ತಿತ್ತ ಜಾಗ ಬದಲಿಸಿದರೆ, ಮರದ ಮೇಲಿನ ಹಕ್ಕಿ ನಿಮ್ಮತ್ತ ಬರುವ ಬದಲು ಎದುರು ದಿಕ್ಕಿಗೆ ಹಾರಿಳಿಯುತ್ತದೆ.

ಕಿವಿಯೂ ಕಡಿಮೆಯದಲ್ಲ. ಹೊರಗಿವಿ ಇಲ್ಲದಿದ್ದರೂ ಸದ್ದು ಬಂದ ಜಾಗವನ್ನು ಅದು ಬಲು ನಿಖರವಾಗಿ ಗುರುತಿಸುತ್ತದೆ. ನೀವು ಹೆಣ್ಣು ಟರ್ಕಿಯ ಕೂಗನ್ನು ಅನುಕರಿಸಿದರೆ ಗಂಡು ಹಕ್ಕಿ ಆ ಮರದ ಬುಡವನ್ನೇ ದಿಟ್ಟಿಸುತ್ತ ಬರುತ್ತದೆ. ತನ್ನನ್ನು ಕರೆದ ಜಾಗವನ್ನು ಹುಡುಕುತ್ತ ಬರುವ ಕಣ್ಣಿನ ಎದುರು ನೀವು ಕೂತಿದ್ದೀರಿ. ಟರ್ಕಿ ಬೇಟೆಯಲ್ಲಿ ಮರೆಗೆ ಇಷ್ಟು ಮಹತ್ವ ಬಂದಿರುವುದು ಈ ಕಾರಣಕ್ಕೆ.

ಕೂರುವ ಬಗೆ

ಎಷ್ಟು ಹತ್ತಿರಕ್ಕೆ ಬರಬೇಕು ಎನ್ನುವುದನ್ನು ಕೋವಿ ನಿರ್ಧರಿಸುತ್ತದೆ. 12 ಅಥವಾ 20 ಗೇಜಿನ ಶಾಟ್‌ಗನ್‌ಗೆ ಬಿಗಿಯಾದ ಚೋಕ್ (ಚರೆ ಬೇಗ ಚೆದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಭಾಗ) ಹಾಕಿ, 4, 5 ಅಥವಾ 6ನೇ ನಂಬರಿನ ಸೀಸದ ಚರೆಯ ತೋಟಾ ಬಳಸುವುದು ರೂಢಿ. ಗುರಿ ತಲೆ ಮತ್ತು ಕತ್ತು ಮಾತ್ರ. ಮೈಗೆ ಹೊಡೆದರೆ ದಪ್ಪ ಗರಿ ಮತ್ತು ಎದೆಯ ಮಾಂಸ ಚರೆಯನ್ನು ತಡೆದು, ಗಾಯಗೊಂಡ ಹಕ್ಕಿ ಎಲ್ಲೋ ಹೋಗಿ ನರಳಿ ಸಾಯುತ್ತದೆ. ಕಾಗದದ ಮೇಲೆ ಹೊಡೆದು ನೋಡಿದಾಗ 10 ಇಂಚು ವ್ಯಾಸದ ವೃತ್ತದೊಳಗೆ ಸುಮಾರು 100 ಚರೆ ಬೀಳುವ ದೂರವೇ ಆ ಕೋವಿಯ ಮಿತಿ ಎಂಬುದು ಒಪ್ಪಿತ ಅಳತೆ. ಬಹಳಷ್ಟು ಕೋವಿಗಳಿಗೆ ಅದು 40 ಗಜ, ಅಂದರೆ ಸುಮಾರು 37 ಮೀಟರ್. ಟಂಗ್‌ಸ್ಟನ್ ಚರೆ ಇನ್ನೂ ದೂರ ಮುಟ್ಟಬಹುದು, ಆದರೆ ದೂರ ಹೆಚ್ಚಿದಷ್ಟೂ ನೆಲದ ಏರುತಗ್ಗಿನಲ್ಲಿ ಅಂದಾಜು ತಪ್ಪುತ್ತದೆ. ಕೂತ ತಕ್ಷಣ 40 ಗಜದಲ್ಲಿರುವ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಂಡರೆ ಆಮೇಲೆ ತಡಕಾಡಬೇಕಿಲ್ಲ.

ಕೂರಲು ನಿಮ್ಮ ಭುಜಕ್ಕಿಂತ ಅಗಲವಾದ, ತಲೆಗಿಂತ ಎತ್ತರವಾದ ಮರ ಬೇಕು. ಮರ ನಿಮ್ಮ ಹೊರರೇಖೆಯನ್ನು ನುಂಗುತ್ತದೆ, ಹಿಂದಿನಿಂದ ಬರುವ ಬೇರೊಬ್ಬ ಬೇಟೆಗಾರನ ಗುಂಡಿನಿಂದಲೂ ಕಾಯುತ್ತದೆ. ಬಿಸಿಲು ಬೀಳುವ ಜಾಗ ಬೇಡ, ನೆರಳೇ ಬೇಕು. ಸೂರ್ಯ ನಿಮ್ಮ ಬೆನ್ನಿಗಿದ್ದು ಹಕ್ಕಿಯ ಕಣ್ಣಿಗೆ ಹೊಡೆಯುವಂತಿದ್ದರೆ ಇನ್ನೂ ಒಳ್ಳೆಯದು. ಬುಡದ ಒಣ ಎಲೆ, ಕಡ್ಡಿಯನ್ನು ಮೊದಲೇ ಸರಿಸಿ ಬರಿ ಮಣ್ಣು ಮಾಡಿಕೊಂಡರೆ ಕಾಲು ಸರಿಸಿದಾಗ ಸದ್ದಾಗುವುದಿಲ್ಲ. ಎರಡು ಮೂರು ಇಂಚು ದಪ್ಪದ ಮೆತ್ತೆಯ ಮೇಲೆ ಕೂರುವುದು ಐಷಾರಾಮವಲ್ಲ. ಬೇರಿನ ಮೇಲೆ ಅರ್ಧ ಗಂಟೆ ಕೂತವನ ಸೊಂಟ ತಾನಾಗಿಯೇ ಕದಲತೊಡಗುತ್ತದೆ, ಕೆಡುವುದು ಅಲ್ಲೇ.

ಬಲಗೈಯಲ್ಲಿ ಹೊಡೆಯುವವರು ಹಕ್ಕಿ ಬರಬಹುದಾದ ದಿಕ್ಕಿಗೆ ಎಡಭುಜ ಮಾಡಿ ಕೂರಬೇಕು, ನೇರ ಎದುರಾಗಿ ಅಲ್ಲ. ಎಡಮಂಡಿ ಮೇಲೆತ್ತಿ ಅದರ ಮೇಲೆ ಕೋವಿಯ ನಳಿಗೆಯ ಭಾಗವನ್ನು ಊರಿ, ಹಿಂಬದಿಯನ್ನು ಬಲಭುಜದ ಹತ್ತಿರವೇ ಇಟ್ಟುಕೊಂಡಿರಬೇಕು. ಮೈ ತಿರುಗಿಸದೆ ಎಡಕ್ಕೆ ಸಾಕಷ್ಟು ದೂರ, ಬಲಕ್ಕೆ ಒಂದಿಷ್ಟು ಗುರಿ ಸರಿಸಲು ಈ ಭಂಗಿಯಲ್ಲಿ ಸಾಧ್ಯ. ನೇರ ಎದುರಾಗಿ ಕೂತವನಿಗೆ ಬಲಗಡೆಯಿಂದ ಹಕ್ಕಿ ಬಂದರೆ ಇಡೀ ಮೈ ತಿರುಗಿಸದೆ ಗತಿಯಿಲ್ಲ. ಕೋವಿಯನ್ನು ತೊಡೆಯ ಮೇಲೆ ಮಲಗಿಸಿಟ್ಟು, ಹಕ್ಕಿ ಕಂಡ ಮೇಲೆ ಎತ್ತುವುದು ಹೊಸಬರ ಅತಿ ಸಾಮಾನ್ಯ ತಪ್ಪು. ದೂರದಲ್ಲಿ ಕೂಗು ಕೇಳಿದಾಗಲೇ ಅದು ಮಂಡಿಯ ಮೇಲಿರಬೇಕು.

ಇನ್ನು ಕದಲಲೇಬೇಕಾದ ಕ್ಷಣ. ಗಂಡು ಟರ್ಕಿ ಮರದ ಕಾಂಡದ ಹಿಂದೆ ಹಾದುಹೋಗುವಾಗ ಅದರ ತಲೆ ಒಂದೆರಡು ಸೆಕೆಂಡು ಮರೆಯಾಗುತ್ತದೆ, ಆಗ ಸರಿಸಬಹುದು. ಅದು ಬಾಲ ಬಿಚ್ಚಿ, ರೆಕ್ಕೆ ಇಳಿಬಿಟ್ಟು ಬಿಂಕದಿಂದ ತಿರುಗುತ್ತ ನಿಮಗೆ ಬೆನ್ನು ಮಾಡಿದಾಗ ಅದರ ಬಾಲದ ಬೀಸಣಿಗೆಯೇ ಅದರ ಕಣ್ಣಿಗೆ ಅಡ್ಡ ಬರುತ್ತದೆ, ಆಗಲೂ ಸರಿಸಬಹುದು. ಜೊತೆಯಲ್ಲಿ ಹೆಣ್ಣು ಹಕ್ಕಿಗಳಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಗಂಡಿನ ಕಣ್ಣು ತಪ್ಪಿದರೂ ಪಕ್ಕದಲ್ಲಿ ಮೇಯುವ ಹೆಣ್ಣು ನೋಡುತ್ತಿರುತ್ತದೆ, ಬೇಟೆ ಕೆಡಿಸುವುದು ಬಹಳ ಸಲ ಅದೇ. ಬಿಂಕದ ಭಂಗಿಯಲ್ಲಿ ಕತ್ತು ಒಳಗೆ ಸೇದಿಕೊಂಡಿರುವುದರಿಂದ ಆಗ ಹೊಡೆಯಬಾರದು. ಮೆಲ್ಲಗೆ ಒಂದು ಕ್ಲಕ್ ಸದ್ದು ಮಾಡಿದರೆ ಅದು ಕತ್ತು ನೀಳ ಮಾಡುತ್ತದೆ, ಸ್ವಚ್ಛವಾದ ಗುರಿ ಆಗ ಸಿಗುತ್ತದೆ.

ನಡುವೆ ಸಿಕ್ಕಿಬಿದ್ದರೆ? ಹಕ್ಕಿ ಥಟ್ಟನೆ ಕತ್ತೆತ್ತಿ ‘ಪಟ್’ ಎಂದು ಚುರುಕಾಗಿ ಸದ್ದು ಮಾಡಿದರೆ ಅದು ಎಚ್ಚರಿಕೆಯ ಕೂಗು. ಇದ್ದ ಭಂಗಿಯಲ್ಲೇ ಹೆಪ್ಪುಗಟ್ಟಿ, ಕೋವಿ ಅರ್ಧ ಎತ್ತಿದ್ದರೆ ಅರ್ಧದಲ್ಲೇ ಬಿಡಿ. ಕಣ್ಣಿಗೆ ಕಣ್ಣು ಕೊಡದೆ ರೆಪ್ಪೆ ಅರೆ ಮುಚ್ಚಿಕೊಳ್ಳಿ. ಒಮ್ಮೊಮ್ಮೆ ಅದು ಅನುಮಾನ ಕಳೆದುಕೊಂಡು ಮತ್ತೆ ನೆಲ ಕೆದಕತೊಡಗುತ್ತದೆ. ಕೂಗುತ್ತಿದ್ದ ಗಂಡು ಏಕಾಏಕಿ ಮೌನವಾದರೆ ಹೋಯಿತೆಂದು ಏಳಬೇಡಿ, ಬಾಯಿ ಮುಚ್ಚಿಕೊಂಡು ನಿಮ್ಮತ್ತಲೇ ನಡೆದು ಬರುತ್ತಿರಬಹುದು. ಕನಿಷ್ಠ ಅರ್ಧ ಗಂಟೆ ಹಾಗೇ ಕೂತಿರಬೇಕು. ಟರ್ಕಿಯ ಕೂಗನ್ನು ಅನುಕರಿಸುವ ಸಾಧನಗಳಲ್ಲಿ ಪೆಟ್ಟಿಗೆ ಕರೆಗೂ ಸ್ಲೇಟು ಕರೆಗೂ ಎರಡು ಕೈ ಬೇಕು. ಹಕ್ಕಿ ಕಣ್ಣಳತೆಗೆ ಬಂದ ಮೇಲೆ ಬಾಯೊಳಗಿನ ಡಯಾಫ್ರಮ್ ಕರೆ ಮಾತ್ರ ಬಳಸಬೇಕು. ಅದು ಕಲಿಯಲು ಕೆಲವು ವಾರ ಹಿಡಿದರೂ ಕಲಿಯಲೇಬೇಕಾದ ವಿದ್ಯೆ.

ಬಟ್ಟೆ, ಮುಖ, ಗೂಡಾರ

ಮೊದಲು ಮುಚ್ಚಬೇಕಾದದ್ದು ಮುಖ ಮತ್ತು ಕೈ. ಎಲ್ಲಕ್ಕಿಂತ ಹೆಚ್ಚು ಕದಲುವುದೂ ಹೊಳೆಯುವುದೂ ಅವೇ. ಬಲೆಯ ಮುಖಗವಸು, ತೆಳು ಕೈಗವಸು, ಅಂಚಿನ ಟೋಪಿ, ಇಷ್ಟಿದ್ದರೆ ಅರ್ಧ ಕೆಲಸ ಆಯಿತು. ಕನ್ನಡಕ ಹಾಕುವವರಿಗೆ ಮೂಗಿನವರೆಗೆ ಮುಚ್ಚುವ ಗವಸು ಉಸಿರಿನ ಮಂಜು ಕಟ್ಟಿಸುತ್ತದೆ, ಮೂಗಿನ ಹತ್ತಿರ ತೆರೆದಿರುವುದನ್ನು ಕೊಳ್ಳಬೇಕು. ಮಂಡಿ ಎತ್ತಿ ಕೂತಾಗ ಪ್ಯಾಂಟು ಮೇಲೇರಿ ಬಿಳಿ ಸಾಕ್ಸ್ ಹೊರಬರುವುದು ಕನ್ನಡಿಯೆದುರು ನಿಂತಾಗ ಗೊತ್ತೇ ಆಗುವುದಿಲ್ಲ. ಮನೆಯಲ್ಲೇ ಒಮ್ಮೆ ನೆಲದ ಮೇಲೆ ಕೂತು ನೋಡಬೇಕು. ಗಡಿಯಾರದ ಗಾಜು, ನಯಗೊಳಿಸಿದ ನಳಿಗೆ, ಹೊಳೆಯುವ ಜಿಪ್, ಇವನ್ನೂ ಗಮನಿಸಿ. ಬಟ್ಟೆಯ ಬಣ್ಣ ನೀವು ಒರಗಿ ಕೂರುವ ಹಿನ್ನೆಲೆಗೆ ಹೊಂದಬೇಕು. ಋತುವಿನ ಆರಂಭದಲ್ಲಿ ಕಂದು ಮತ್ತು ಬೂದು, ಎಲೆ ತುಂಬಿದ ಮೇಲೆ ಹಸಿರು. ‘ಬೆಳ್ಳಗೆ ಹೊಳೆಸುವ’ ಡಿಟರ್ಜೆಂಟ್‌ಗಳಲ್ಲಿ ಅತಿನೇರಳೆ ಬೆಳಕನ್ನು ನೀಲಿಯಾಗಿ ಮಾರ್ಪಡಿಸುವ ರಾಸಾಯನಿಕಗಳಿರುತ್ತವೆ. ಅವಿಲ್ಲದ ಪುಡಿಯಲ್ಲಿ ಒಗೆಯುವುದು ಒಳ್ಳೆಯದು, ಖರ್ಚೂ ಹೆಚ್ಚಲ್ಲ. ಆದರೂ ನಮ್ಮ ದೃಷ್ಟಿಯಲ್ಲಿ ಇದಕ್ಕೆ ಮುಖಗವಸಿನ ನಂತರದ ಸ್ಥಾನ.

ಎದುರಿಗೆ ಬಿದ್ದ ಕೊಂಬೆಗಳಿಂದ ಒಂದೂವರೆ, ಎರಡು ಅಡಿ ಎತ್ತರದ ಮರೆ ಕಟ್ಟಿಕೊಂಡರೆ ಕೈಯ ಚಲನೆ ಮುಚ್ಚುತ್ತದೆ. ಅದಕ್ಕಿಂತ ಎತ್ತರವಾದರೆ ಕೋವಿ ತಿರುಗಿಸಲು ಅಡ್ಡಿ. ಸಾರ್ವಜನಿಕ ಕಾಡಿನಲ್ಲಿ ಹಸಿ ಕೊಂಬೆ ಕಡಿಯಲು ಬಹಳ ಕಡೆ ಅನುಮತಿಯಿಲ್ಲ.

ಮಕ್ಕಳನ್ನು ಕರೆದೊಯ್ಯುವವರಿಗೆ, ಬಿಲ್ಲಿನಿಂದ ಹೊಡೆಯುವವರಿಗೆ ಬಿಚ್ಚಿ ನಿಲ್ಲಿಸುವ ಗೂಡಾರವೇ ಒಳ್ಳೆಯದು. ಬಿಲ್ಲು ಎಳೆಯುವಷ್ಟು ದೊಡ್ಡ ಚಲನೆಯನ್ನು ಬಯಲಲ್ಲಿ ಬಚ್ಚಿಡುವುದು ಬಲು ಕಷ್ಟ. ಹೊಸದಾಗಿ ಎದ್ದ ಗೂಡಾರವನ್ನು ಕಂಡರೆ ಜಿಂಕೆ ದಿನಗಟ್ಟಲೆ ದೂರ ಇರುತ್ತದೆ, ಟರ್ಕಿಗಳು ಸಾಮಾನ್ಯವಾಗಿ ಹುಲ್ಲುಗಾವಲ ನಡುವೆ ರಾತ್ರೋರಾತ್ರಿ ಎದ್ದು ನಿಂತ ಗೂಡಾರವನ್ನೂ ಲೆಕ್ಕಿಸುವುದಿಲ್ಲ. ಷರತ್ತು ಒಂದೇ, ಒಳಗೆ ಕತ್ತಲಿರಬೇಕು. ಎದುರು ಮತ್ತು ಹಿಂದಿನ ಕಿಟಕಿ ಎರಡನ್ನೂ ತೆರೆದರೆ ನಿಮ್ಮ ನೆರಳಾಕೃತಿ ಎದ್ದು ಕಾಣುತ್ತದೆ. ಹಿಂದಿನದನ್ನು ಮುಚ್ಚಿ, ಒಳಗೆ ಕಪ್ಪು ಅಂಗಿ ತೊಡಿ. ಗಾಳಿಗೆ ಪಟಪಟ ಬಡಿಯುವ ಬಟ್ಟೆಯಿಂದ ಹಕ್ಕಿ ಬೆದರುತ್ತದೆ, ಆದ್ದರಿಂದ ನಾಲ್ಕೂ ಮೂಲೆಗೆ ಗೂಟ ಹೊಡೆದಿರಬೇಕು.

ಮರೆಯ ಭಾರವನ್ನು ಹಗುರ ಮಾಡುವ ಇನ್ನೊಂದು ಸಾಧನ ಬೊಂಬೆ ಹಕ್ಕಿ. 15ರಿಂದ 20 ಗಜ ದೂರದಲ್ಲಿ ನಿಲ್ಲಿಸಿದರೆ ಬರುವ ಗಂಡಿನ ದೃಷ್ಟಿ ನಿಮ್ಮ ಮರ ಬಿಟ್ಟು ಅದರ ಮೇಲೆ ನೆಡುತ್ತದೆ. ಎಳೆಯ ಗಂಡಿನ ಬೊಂಬೆಯನ್ನು ನಿಮ್ಮತ್ತ ಮುಖ ಮಾಡಿ ನಿಲ್ಲಿಸುವುದು ವಾಡಿಕೆ. ಕೆಣಕಿದ ಹಿರಿಯ ಗಂಡು ಅದರ ಮುಖದೆದುರು ಬಂದು ನಿಂತಾಗ ನಿಮಗೆ ಬೆನ್ನಾಗಿರುತ್ತದೆ.

ಅತಿಯಾದ ಮರೆ ಅಪಾಯ

ಟರ್ಕಿಗೆ ಕಾಣದಂತೆ ಕೂತವನು ಇನ್ನೊಬ್ಬ ಬೇಟೆಗಾರನಿಗೂ ಕಾಣುವುದಿಲ್ಲ, ಅವನ ಬಾಯಿಂದ ಹೊರಡುವುದೂ ಟರ್ಕಿಯ ಕೂಗೇ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಗಂಡು ಟರ್ಕಿಯ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಮೂರೂ ಇವೆ. ಆ ಬಣ್ಣದ ಟೀಶರ್ಟ್, ಕರವಸ್ತ್ರ, ಸಾಕ್ಸ್, ನೀರಿನ ಬಾಟಲಿಯ ಮುಚ್ಚಳ ಯಾವುದೂ ಮೈಮೇಲೆ ಇರಬಾರದು. ಕೂಗು ಬಂದ ಕಡೆಗೆ ತೆವಳಿಕೊಂಡು ಹೋಗುವುದು ಬೇಡವೇ ಬೇಡ, ಕೂಗಿದ್ದು ಮನುಷ್ಯನಾಗಿರಬಹುದು. ಬಾಲದ ಬೀಸಣಿಗೆಯನ್ನು ಮುಂದೆ ಹಿಡಿದು ಅದರ ಹಿಂದೆ ಅಡಗಿ ಹಕ್ಕಿಯ ಹತ್ತಿರ ಸರಿಯುವ ವಿಧಾನವೊಂದಿದೆ. ಅದು ಫಲ ಕೊಡುತ್ತದೆ, ನಿಜ. ಸಾರ್ವಜನಿಕ ನೆಲದಲ್ಲಿ ಮಾತ್ರ ಅದು ತನ್ನನ್ನು ತಾನೇ ಗುರಿಯಾಗಿಸಿಕೊಂಡಂತೆ. ಕೆಲವು ರಾಜ್ಯಗಳು ಅದಕ್ಕೆ ಕಡಿವಾಣ ಹಾಕಿರುವುದು ಸರಿಯಾಗಿಯೇ ಇದೆ.

ಬೇರೊಬ್ಬರು ಹತ್ತಿರ ಬರುತ್ತಿದ್ದರೆ ಕೈ ಬೀಸಬೇಡಿ, ಟರ್ಕಿಯ ಕೂಗು ಹಾಕಬೇಡಿ, ಎದ್ದು ನಿಲ್ಲಲೂ ಬೇಡಿ. ಕೂತಲ್ಲಿಂದಲೇ ಗಟ್ಟಿಯಾಗಿ ಮಾತಾಡಿ ನಿಲ್ಲಿಸಿ. ಹಕ್ಕಿ ಹೋದರೆ ಹೋಗಲಿ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವಾಗ ಕಿತ್ತಳೆ ಟೋಪಿ ಹಾಕಿಕೊಳ್ಳಿ, ಕೂತ ಮೇಲೆ ತೆಗೆಯಬಹುದು. ಕೂತಿರುವಾಗಲೂ ಕಿತ್ತಳೆ ಬೇಕೇ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ನಿಯಮ, ಆ ವರ್ಷದ ಬೇಟೆ ನಿಯಮಗಳ ಪುಸ್ತಿಕೆ ನೋಡಲೇಬೇಕು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಆದ್ದರಿಂದ ಗೆಳೆಯನ ಕೋವಿ ಕೈಗೆತ್ತಿಕೊಳ್ಳುವ ಮೊದಲೇ ಬೇಟೆ ಸುರಕ್ಷತಾ ತರಬೇತಿ ಮುಗಿಸಿ ಲೈಸೆನ್ಸ್ ಪಡೆದಿರಬೇಕು, ಅದರ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು, ರಾಜ್ಯದ ಪ್ರತ್ಯೇಕ ನಿಯಮಗಳನ್ನೂ ಓದಿರಬೇಕು.

ಬೊಂಬೆಯನ್ನು ಒಯ್ಯುವಾಗ ಅದರ ತಲೆ ಚೀಲದಿಂದ ಹೊರಗೆ ಕಾಣಬಾರದು. ಹೊಡೆದ ಹಕ್ಕಿಯನ್ನು ಹೆಗಲ ಮೇಲೆ ನೇತುಹಾಕಿಕೊಂಡು ಬರುವಾಗ ರೆಕ್ಕೆ ಬಿಚ್ಚಿಕೊಂಡು, ತಲೆ ತೂಗಾಡುತ್ತ ಜೀವಂತ ಹಕ್ಕಿಯಂತೆಯೇ ಕಾಣುತ್ತದೆ. ಹಾಗಾಗಿ ಅದನ್ನು ಕಿತ್ತಳೆ ಬಣ್ಣದ ಚೀಲದಲ್ಲಿ ಹಾಕಿ, ಇಲ್ಲವೇ ಅಗಲವಾದ ಕಿತ್ತಳೆ ಬಟ್ಟೆ ಸುತ್ತಿಯೇ ಕಾಡಿನಿಂದ ಹೊರಗೆ ತರಬೇಕು.